ಕಂಪ್ಯೂಟರಿಗೆ ತಾರೀಕು ಓದಿಸುವುದು

(ಸಂಘದ ವತಿಯಿಂದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಂಪ್ಯೂಟರ್ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ಮಾತನಾಡಿ ಎಂದಾಗ ದೊಡ್ಡ ದೊಡ್ಡ ವಿಷಯಗಳು ಮನಸ್ಸಿಗೆ ಬಂದವು. ಕೊನೆಗೆ ನಾನು ಆರಿಸಿಕೊಂಡದ್ದು ತೀರಾ ಚಿಕ್ಕ ವಿಷಯ. ಕಾಗದದ ಮೇಲೆ ಬರೆದ ಒಂದು ತಾರೀಕನ್ನು ಪ್ರೋಗ್ರಾಂ ಹೇಗೆ ಓದುತ್ತದೆ ಎಂಬುದು. "ಇದರಲ್ಲೇನಿದೆ, ಮೂರು ಅಂಕಿ ತಾನೇ?" ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

2008ರ ಮಾತು. ನಾನು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದೆ. ರಜೆಯಲ್ಲಿ ಊರಿಗೆ ಬಂದಿದ್ದಾಗ ವಿದ್ಯಾರ್ಥಿವೇತನ ಕೊಡುವ ಒಂದು ಸಮಿತಿಯ ಹಿರಿಯರು, "ನೂರೆಂಬತ್ತಕ್ಕೂ ಹೆಚ್ಚು ಅರ್ಜಿ ಬಂದಿವೆ, ನೀನು ಕಂಪ್ಯೂಟರ್ ಕಲಿತವನಲ್ಲವಾ, ಅರ್ಹರ ಪಟ್ಟಿ ಮಾಡಿಕೊಡು" ಎಂದರು. ದಾನಿಗಳು ಹಾಕಿದ್ದ ಷರತ್ತುಗಳಲ್ಲಿ ಒಂದು ವಯಸ್ಸಿನದ್ದು. ಆ ವರ್ಷದ ಜುಲೈ 1ಕ್ಕೆ ಅರ್ಜಿದಾರರಿಗೆ 18 ವರ್ಷ ತುಂಬಿರಬಾರದು. ಅರ್ಜಿಗಳನ್ನು ಇಬ್ಬರು ಹುಡುಗರು ಟೈಪ್ ಮಾಡಿದರು. ನಾನು ಜಾವಾ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ತಾರೀಕು ಓದುವ ನಾಲ್ಕು ಸಾಲನ್ನು ಮಾತ್ರ ಎಲ್ಲಿಂದಲೋ ನಕಲು ಮಾಡಿಕೊಂಡೆ. ಪ್ರೋಗ್ರಾಂ ಒಂದೂ ದೋಷ ತೋರಿಸದೆ ಓಡಿತು. ಹೆಸರು, ಎದುರಿಗೆ "ಅರ್ಹ" ಅಥವಾ "ಅನರ್ಹ" ಎಂಬ ಪಟ್ಟಿ ಪ್ರಿಂಟ್ ಆಗಿ ಬಂತು. ಎಲ್ಲರೂ ಬೆನ್ನು ತಟ್ಟಿದರು. ನಾನು ಬೆಂಗಳೂರಿಗೆ ಹೊರಟುಹೋದೆ.

ಹಣ ಹಂಚಿ ಕೆಲವು ವಾರ ಕಳೆದ ಮೇಲೆ ಒಬ್ಬ ತಾಯಿ ಮಗಳ ಅಂಕಪಟ್ಟಿ ಹಿಡಿದುಕೊಂಡು ಸಮಿತಿಯ ಕಾರ್ಯದರ್ಶಿಯವರ ಮನೆಗೆ ಬಂದರು. ಕಾರ್ಯದರ್ಶಿಗಳು ನಿವೃತ್ತ ಅಧ್ಯಾಪಕರು. "ಮಾಸ್ಟ್ರೇ, ನನ್ನ ಮಗಳಿಗೆ ಹದಿನೆಂಟು ಆಗಿದೆ ಅಂತ ಬರೆದಿದ್ದೀರಂತೆ. ಹೆತ್ತವಳಿಗೆ ಗೊತ್ತಿಲ್ಲದ ವಯಸ್ಸು ನಿಮ್ಮ ಕಂಪ್ಯೂಟರಿಗೆ ಗೊತ್ತಾಯಿತಾ?" ಎಂದು ಕೇಳಿದರು. ಮಾಸ್ಟ್ರು ಬೆರಳೆಣಿಸಿ ಎರಡೇ ನಿಮಿಷದಲ್ಲಿ ಲೆಕ್ಕ ಹಾಕಿದರು. ಹುಡುಗಿ ಹುಟ್ಟಿದ್ದು 5 ಆಗಸ್ಟ್ 1990. ಜುಲೈ 1ಕ್ಕೆ ಹದಿನೇಳು ವರ್ಷ, ಹತ್ತು ತಿಂಗಳು. ಅವಳು ಅರ್ಹಳೇ ಆಗಿದ್ದಳು.

ಅರ್ಜಿಯಲ್ಲಿ ಇದ್ದದ್ದು 05/08/1990. ನಾನು ನಕಲು ಮಾಡಿದ ಸಾಲು ಅಮೆರಿಕದ ಕ್ರಮದ್ದು, ಮೊದಲು ತಿಂಗಳು, ಆಮೇಲೆ ದಿನ. ಪ್ರೋಗ್ರಾಂ ಅದನ್ನು 8 ಮೇ 1990 ಎಂದು ಓದಿತು. ಮೇ ತಿಂಗಳಲ್ಲೇ ಅವಳಿಗೆ 18 ತುಂಬಿತು ಎಂದು ತೀರ್ಮಾನಿಸಿ ಪಕ್ಕಕ್ಕೆ ಹಾಕಿತು.

ಹಾಗಾದರೆ 25/05/1990ರಂದು ಹುಟ್ಟಿದ ಹುಡುಗನ ಕಥೆ ಏನು? ಇಪ್ಪತ್ತೈದನೇ ತಿಂಗಳು ಎಂಬುದು ಇಲ್ಲವಲ್ಲ, ಅಲ್ಲಾದರೂ ಪ್ರೋಗ್ರಾಂ ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. ಅದು ಎಣಿಸುತ್ತಾ ಹೋಯಿತು. ಹನ್ನೆರಡು ತಿಂಗಳಿಗೆ ಒಂದು ವರ್ಷ, ಇಪ್ಪತ್ತನಾಲ್ಕಕ್ಕೆ ಎರಡು ವರ್ಷ, ಇನ್ನೊಂದು ಉಳಿಯಿತು, ಅದು ಜನವರಿ. ಹೀಗೆ ಆ ಹುಡುಗನ ಜನ್ಮದಿನ 5 ಜನವರಿ 1992 ಆಯಿತು. ನಿಜವಾಗಿ ಅವನಿಗೆ ಹದಿನೆಂಟು ತುಂಬಿತ್ತು. ಪ್ರೋಗ್ರಾಂ ಪ್ರಕಾರ ಹದಿನಾರು. ಅವನ ಹೆಸರು ಅರ್ಹರ ಪಟ್ಟಿಯಲ್ಲಿತ್ತು.

ಗಮನಿಸಿ ಮಿತ್ರರೇ, ಎಲ್ಲಿಯೂ ಕೆಂಪು ಅಕ್ಷರದ ದೋಷ ಬರಲಿಲ್ಲ. ಪ್ರೋಗ್ರಾಂ ಕೆಟ್ಟು ನಿಂತಿದ್ದರೆ ನಾನು ಅಲ್ಲೇ ಸರಿಪಡಿಸುತ್ತಿದ್ದೆ. ಅದು ನಿಲ್ಲದೆ ಸುಳ್ಳು ಹೇಳಿತು. ನಾನು ಇಂದು ಹೇಳಬೇಕೆಂದಿರುವ ಮಾತು ಇಷ್ಟೇ: ತಪ್ಪು ತಾರೀಕನ್ನು ನಿರಾಕರಿಸುವ ಪ್ರೋಗ್ರಾಂ ಒಳ್ಳೆಯದು, ಊಹೆ ಮಾಡಿ ಒಪ್ಪಿಕೊಳ್ಳುವ ಪ್ರೋಗ್ರಾಂ ಅಪಾಯಕಾರಿ.

ಅಕ್ಷರ ಬೇರೆ, ತಾರೀಕು ಬೇರೆ

ಕಂಪ್ಯೂಟರಿನ ಪಾಲಿಗೆ 05/08/1990 ಎಂಬುದು ಹತ್ತು ಅಕ್ಷರಗಳ ಒಂದು ಸಾಲು. ನಿಮ್ಮ ಹೆಸರು ಹೇಗೋ ಇದೂ ಹಾಗೆ. ಅದರಿಂದ ವಯಸ್ಸು ಲೆಕ್ಕ ಹಾಕಲಾಗದು, ಮರುದಿನ ಯಾವುದೆಂದು ಹೇಳಲಾಗದು, ಸರಿಯಾಗಿ ಜೋಡಿಸಲೂ ಆಗದು. 10/01/2009 ಮತ್ತು 25/12/2008 ಎಂಬ ಎರಡನ್ನು ಅಕ್ಷರವಾಗಿ ಜೋಡಿಸಿದರೆ ಜನವರಿಯದ್ದು ಮೊದಲು ಬರುತ್ತದೆ, ಏಕೆಂದರೆ ಒಂದು ಎಂಬ ಅಂಕಿ ಎರಡಕ್ಕಿಂತ ಮುಂಚೆ. ಆದರೆ ಡಿಸೆಂಬರ್ 2008 ಬಂದು ಹೋದ ಮೇಲೆ ತಾನೇ ಜನವರಿ 2009 ಬರುವುದು?

ಆದ್ದರಿಂದ ಆ ಅಕ್ಷರಗಳನ್ನು ಬಿಡಿಸಿ, ಇದು ವರ್ಷ, ಇದು ತಿಂಗಳು, ಇದು ದಿನ ಎಂದು ಗುರುತಿಸಿ, ಆ ದಿನ ಕ್ಯಾಲೆಂಡರಿನಲ್ಲಿ ಇದೆಯೇ ಎಂದು ಪರೀಕ್ಷಿಸಿ, ಲೆಕ್ಕಕ್ಕೆ ಒದಗುವ ಒಂದು ಮೌಲ್ಯವನ್ನಾಗಿ ಮಾಡಬೇಕು. ಈ ಕೆಲಸಕ್ಕೆ ಪಾರ್ಸಿಂಗ್ ಎನ್ನುತ್ತಾರೆ. ಇದರಲ್ಲಿ ಬಿಡಿಸುವುದು ಸುಲಭ. ಕಷ್ಟ ಇರುವುದು ಯಾವುದು ಯಾವುದೆಂದು ತಿಳಿಯುವುದರಲ್ಲಿ. ಏಕೆಂದರೆ ಆ ತಿಳಿವಳಿಕೆ ಅಕ್ಷರಗಳ ಒಳಗೆ ಇಲ್ಲ. ಬರೆದವರ ತಲೆಯಲ್ಲಿದೆ.

132 ದಿನಗಳ ಲೆಕ್ಕ

ನಮ್ಮ ದೇಶದಲ್ಲಿ ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು. ಎರಡೂ ಸರಿಯೇ. ಬೆರೆತಾಗ ತೊಂದರೆ. ಎಷ್ಟು ತೊಂದರೆ ಎಂದು ಒಂದು ಸಣ್ಣ ಲೆಕ್ಕ ಮಾಡೋಣ. ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ ತಾರೀಕುಗಳು ವರ್ಷಕ್ಕೆ 12 ಗುಣಿಸು 12, ಅಂದರೆ 144. ಇದರಲ್ಲಿ 1/1, 2/2 ಹೀಗೆ 12 ತಾರೀಕುಗಳು ಹೇಗೆ ಓದಿದರೂ ಒಂದೇ. ಉಳಿದ 132 ತಾರೀಕುಗಳು ಅದಲುಬದಲಾದರೂ ನೋಡಲು ಸರಿಯಾಗಿಯೇ ಕಾಣುತ್ತವೆ. ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಿನಗಳಲ್ಲಿ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಶಾಲೆಗಳ ಹಳೆಯ ಹಾಜರಿ ಪುಸ್ತಕ ನೋಡಿದವರಿಗೆ ಗೊತ್ತು. ಮಗುವಿನ ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ ಸೇರಿಸಿಕೊಳ್ಳುವ ಮಾಸ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಇಲ್ಲಿ ಕುಳಿತ ಹಿರಿಯರಲ್ಲಿಯೂ ಜೂನ್ 1ರಂದು "ಹುಟ್ಟಿದವರು" ಅನೇಕರಿರಬಹುದು. 01/06 ಎಂಬುದನ್ನು ತಿಂಗಳು ಮೊದಲೆಂದು ಓದಿದರೆ ಅವರೆಲ್ಲ ಒಟ್ಟಿಗೆ ಜನವರಿ 6ಕ್ಕೆ ಹುಟ್ಟಿದವರಾಗುತ್ತಾರೆ, ಐದು ತಿಂಗಳು ದೊಡ್ಡವರಾಗುತ್ತಾರೆ. ನಗಬೇಡಿ, ನಿವೃತ್ತಿಯ ಲೆಕ್ಕದಲ್ಲಿ ಐದು ತಿಂಗಳ ಸಂಬಳ ಸಣ್ಣದಲ್ಲ.

ಈ ಗೊಂದಲಕ್ಕೆ ಪರಿಹಾರವೆಂದು 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 8601 ಎಂಬ ನಿಯಮವನ್ನು ಹೊರತಂದಿತು. ಅದರಂತೆ ನಾಲ್ಕು ಅಂಕಿಯ ವರ್ಷ, ಎರಡು ಅಂಕಿಯ ತಿಂಗಳು, ಎರಡು ಅಂಕಿಯ ದಿನ. 1990-08-05. ದೊಡ್ಡದರಿಂದ ಚಿಕ್ಕದಕ್ಕೆ. ಇದರಲ್ಲಿ ಇನ್ನೊಂದು ಲಾಭವಿದೆ. ಹೀಗೆ ಬರೆದದ್ದನ್ನು ಬರೀ ಅಕ್ಷರವಾಗಿ ಜೋಡಿಸಿದರೂ ತಾರೀಕಿನ ಕ್ರಮವೇ ಬರುತ್ತದೆ. ಜನರಿಗೆ ತೋರಿಸುವಾಗ ನಮ್ಮ ಕ್ರಮದಲ್ಲೇ ತೋರಿಸಿ, ಅಡ್ಡಿಯಿಲ್ಲ. ಆದರೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೊಡುವಾಗ, ಕಡತದಲ್ಲಿ ಇಡುವಾಗ ಈ ಕ್ರಮವನ್ನು ಬಿಡಬೇಡಿ.

ಊಹೆ ಮಾಡುವ ಉಪಕರಣಗಳು

ನೀವು ಕಲಿಯುತ್ತಿರುವ ಭಾಷೆಗಳೆಲ್ಲ ತಾರೀಕು ಓದುವ ಸಾಧನವನ್ನು ಕೊಡುತ್ತವೆ. ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ತಿಳಿದು ಬಳಸಬೇಕು.

ನನ್ನನ್ನು ಬೀಳಿಸಿದ್ದು ಜಾವಾದ ಸಿಂಪಲ್‌ಡೇಟ್‌ಫಾರ್ಮ್ಯಾಟ್. ನಾವು ಬೇಡ ಎನ್ನದಿದ್ದರೆ ಅದು ಉದಾರವಾಗಿ ಓದುತ್ತದೆ. ಇಪ್ಪತ್ತೈದನೇ ತಿಂಗಳನ್ನೂ ಒಪ್ಪುತ್ತದೆ, ಫೆಬ್ರವರಿ 30ನ್ನೂ ಒಪ್ಪಿ ಮಾರ್ಚ್‌ಗೆ ತಳ್ಳುತ್ತದೆ. ಉದಾರತೆ ಬೇಡ ಎಂದು ಹೇಳುವ ಒಂದು ಸಾಲು ಅದರಲ್ಲಿ ಆಗಲೂ ಇತ್ತು. ನಾನು ಅದನ್ನು ಬರೆದಿರಲಿಲ್ಲ. 2014ರಲ್ಲಿ ಬಂದ ಜಾವಾ 8 ತಾರೀಕಿಗೆಂದೇ ಹೊಸ ವ್ಯವಸ್ಥೆ ತಂದಿತು. ಅದು ಎಷ್ಟೋ ಮೇಲು. ಅದರಲ್ಲೂ ನೀವೇ ಒಂದು ನಮೂನೆ ಬರೆದು ಕೊಟ್ಟರೆ, ಬೇರೇನೂ ಹೇಳದಿದ್ದಾಗ ಏಪ್ರಿಲ್ 31 ಎಂಬುದನ್ನು ಸದ್ದಿಲ್ಲದೆ ಏಪ್ರಿಲ್ 30 ಮಾಡಿಬಿಡುತ್ತದೆ. ಕಟ್ಟುನಿಟ್ಟಾಗಿ ಓದು ಎಂದು, ಅಂದರೆ ಸ್ಟ್ರಿಕ್ಟ್ ಎಂದು, ನೀವು ಹೇಳಲೇಬೇಕು. ಹಾಗೆ ಹೇಳಿದಾಗ ವರ್ಷಕ್ಕೆ ವೈ ಬದಲು ಯು ಅಕ್ಷರ ಬಳಸುವುದನ್ನೂ ನೆನಪಿಡಿ.

ಪಿಎಚ್‌ಪಿ ಕಲಿಯುವವರಿಗೆ ಒಂದು ಮಾತು. ಅಲ್ಲಿ ನಡುವೆ ಓರೆ ಗೆರೆ ಇದ್ದರೆ ಅಮೆರಿಕದ ಕ್ರಮ, ಅಡ್ಡ ಗೆರೆ ಇದ್ದರೆ ದಿನ ಮೊದಲು. 05/08/1990 ಎಂದರೆ ಮೇ, 05-08-1990 ಎಂದರೆ ಆಗಸ್ಟ್. ಒಂದು ಗೆರೆಯ ಓರೆಯಲ್ಲಿ ಮೂರು ತಿಂಗಳು!

ಪೈಥಾನ್ ಕಲಿಯುವವರು ಪಾಂಡಾಸ್ ಎಂಬ ಲೈಬ್ರರಿಯನ್ನು ಬಳಸುತ್ತೀರಿ. ಅದರ ಹಳೆಯ ಆವೃತ್ತಿಗಳು ಒಂದೇ ಪಟ್ಟಿಯಲ್ಲಿ 05/08/1990 ಅನ್ನು ಮೇ 8 ಎಂದೂ, 25/05/1990 ಅನ್ನು ಮೇ 25 ಎಂದೂ ಓದುತ್ತಿದ್ದವು. ಅಂದರೆ ಒಂದು ಸಾಲಿಗೆ ಒಂದು ನಿಯಮ, ಮುಂದಿನ ಸಾಲಿಗೆ ಇನ್ನೊಂದು. 2023ರಲ್ಲಿ ಬಂದ ಎರಡನೇ ಆವೃತ್ತಿಯಿಂದ ಮೊದಲ ಸಾಲು ನೋಡಿ ಒಂದು ಕ್ರಮ ತೀರ್ಮಾನಿಸಿ, ಅದಕ್ಕೆ ಹೊಂದದ ಸಾಲು ಬಂದರೆ ದೋಷ ತೋರಿಸುತ್ತದೆ. ಇದು ಒಳ್ಳೆಯ ಬದಲಾವಣೆ. ಆದರೂ ಮೊದಲ ಸಾಲಿನಲ್ಲಿ ಊಹೆಯೇ ನಡೆಯುತ್ತದೆ. ನೀವೇ ನಮೂನೆಯನ್ನು ಬರೆದು ಕೊಡಿ. ಪೈಥಾನಿನಲ್ಲಿ ಎಸ್‌ಟಿಆರ್‌ಪಿಟೈಮ್ ಎಂಬ ಸಾಧನಕ್ಕೆ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಸ್ಪಷ್ಟವಾಗಿ ಹೇಳಿದರೆ, ಹೊಂದದ ತಾರೀಕು ಬಂದ ಕೂಡಲೇ ಅದು ನಿಲ್ಲುತ್ತದೆ. ನಿಲ್ಲಲಿ. ನಿಂತರೆ ನಿಮಗೆ ಗೊತ್ತಾಗುತ್ತದೆ.

ನಮೂನೆ ಬರೆಯುವಾಗ ಅಕ್ಷರದ ಮೇಲೆ ಕಣ್ಣಿರಲಿ. ಜಾವಾದಲ್ಲಿ ದೊಡ್ಡ ಎಂ ತಿಂಗಳು, ಸಣ್ಣ ಎಂ ನಿಮಿಷ. ಪೈಥಾನಿನಲ್ಲಿ ಇದು ತಿರುಗಾಮುರುಗಾ, ಸಣ್ಣ ಎಂ ತಿಂಗಳು, ದೊಡ್ಡ ಎಂ ನಿಮಿಷ. ಜಾವಾದಲ್ಲಿ ದೊಡ್ಡ ವೈ ಬರೆದರೆ ಅದು ಮಾಮೂಲಿ ವರ್ಷ ಅಲ್ಲ, ವಾರಗಳ ಲೆಕ್ಕದ ವರ್ಷ. ಹನ್ನೊಂದು ತಿಂಗಳು ಎಲ್ಲ ಸರಿಯಾಗಿಯೇ ಇರುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಮಾತ್ರ 30 ಡಿಸೆಂಬರ್ 2024 ಎಂಬುದು 30 ಡಿಸೆಂಬರ್ 2025 ಎಂದು ಕಾಣಿಸಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬರುವ ಇಂಥ ದೋಷವನ್ನು ಹುಡುಕುವುದು ಬಹಳ ಕಷ್ಟ.

ಎರಡು ಅಂಕಿಯ ವರ್ಷ

2000ನೇ ಇಸವಿ ಬರುವ ಮುಂಚೆ ವೈಟುಕೆ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಗಾಬರಿಯಾದದ್ದನ್ನು ನಿಮ್ಮ ಹೆತ್ತವರು ಹೇಳಿಯಾರು. ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟಿದ್ದರಿಂದ ಬಂದ ತೊಂದರೆ ಅದು. ಅದು ಮುಗಿದ ಕಥೆಯೆಂದು ತಿಳಿಯಬೇಡಿ. ಈಗಲೂ ಅರ್ಜಿಗಳಲ್ಲಿ ಜನ 12/3/52 ಎಂದೇ ಬರೆಯುತ್ತಾರೆ. ಪೈಥಾನ್ ಎರಡು ಅಂಕಿಯ ವರ್ಷವನ್ನು ಓದುವಾಗ 69ರಿಂದ 99ರವರೆಗೆ 1900ರ ಶತಮಾನಕ್ಕೂ, 00ರಿಂದ 68ರವರೆಗೆ 2000ದ ಶತಮಾನಕ್ಕೂ ಸೇರಿಸುತ್ತದೆ. ಹಾಗಾಗಿ 1952ರಲ್ಲಿ ಹುಟ್ಟಿದ ಅಜ್ಜ 2052ರಲ್ಲಿ ಇನ್ನೂ ಹುಟ್ಟಬೇಕಾದವರಾಗುತ್ತಾರೆ. ಜಾವಾದ ಹಳೆಯ ಸಾಧನಕ್ಕೆ ನಾಲ್ಕು ಅಂಕಿಯ ನಮೂನೆ ಕೊಟ್ಟು 90 ಎಂಬ ವರ್ಷ ಓದಿಸಿದರೆ ಅದು ಕ್ರಿಸ್ತಶಕ 90 ಎಂದೇ ತಿಳಿಯುತ್ತದೆ. ಆ ವಿದ್ಯಾರ್ಥಿಗೆ ಸಾವಿರದ ಒಂಬೈನೂರು ವರ್ಷ ದಾಟಿರುತ್ತದೆ.

ಪರಿಹಾರ ಸರಳ. ವರ್ಷ ನಾಲ್ಕು ಅಂಕಿ ಇಲ್ಲದಿದ್ದರೆ ಒಪ್ಪಬೇಡಿ. ಒಪ್ಪಿದ ಮೇಲೆಯೂ ಸಾಧ್ಯವಿರುವ ವ್ಯಾಪ್ತಿಯಲ್ಲಿದೆಯೇ ನೋಡಿ. ಕಾಲೇಜಿಗೆ ಸೇರುವವರ ವಯಸ್ಸು ಹತ್ತು ಅಥವಾ ಎಪ್ಪತ್ತು ಎಂದು ಬಂದರೆ ಮನುಷ್ಯರ ಕಣ್ಣಿಗೆ ತೋರಿಸಿ.

ಗಂಟೆ ಎಲ್ಲಿಯದು?

ನಮ್ಮ ಊರುಗಳಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಅಪರೂಪ. ಆದ್ದರಿಂದ ಈ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ದುಬೈಯಿಂದ ಒಂದು ಸಂದರ್ಶನದ ಪತ್ರ ಬರುತ್ತದೆ, ಬೆಳಿಗ್ಗೆ 10 ಗಂಟೆಗೆ ಕಂಪ್ಯೂಟರ್ ಮುಂದೆ ಕುಳಿತಿರಿ ಎಂದು. ಯಾರ ಹತ್ತು ಗಂಟೆ? ದುಬೈ ಜಾಗತಿಕ ಸಮಯಕ್ಕಿಂತ, ಅಂದರೆ ಯುಟಿಸಿಗಿಂತ, 4 ಗಂಟೆ ಮುಂದೆ. ನಾವು ಐದೂವರೆ ಗಂಟೆ ಮುಂದೆ. ದುಬೈಯ ಹತ್ತು ನಮಗೆ ಹನ್ನೊಂದೂವರೆ. ರಿಯಾದ್‌ನ ಹತ್ತಾದರೆ ಹನ್ನೆರಡೂವರೆ. ಪತ್ರದಲ್ಲಿ ಊರು ಬರೆಯದಿದ್ದರೆ ಆ ಹತ್ತು ಗಂಟೆಗೆ ಅರ್ಥವೇ ಇಲ್ಲ.

ಐಎಸ್‌ಟಿ ಎಂದು ಬರೆದರೆ ಸಾಕಲ್ಲ ಎನ್ನಬಹುದು. ಸಾಲದು. ಭಾರತದ ಸಮಯಕ್ಕೂ ಐಎಸ್‌ಟಿ, ಇಸ್ರೇಲಿನ ಸಮಯಕ್ಕೂ ಐಎಸ್‌ಟಿ, ಐರ್ಲೆಂಡಿನ ಬೇಸಿಗೆಯ ಸಮಯಕ್ಕೂ ಐಎಸ್‌ಟಿ. ಮೂರಕ್ಷರ ನಂಬಿದ ಪ್ರೋಗ್ರಾಂ ಯಾವ ದೇಶಕ್ಕೆ ಹೋಗುತ್ತದೋ ಹೇಳಲಾಗದು. ಆಗಿಹೋದ ಘಟನೆಯ ಸಮಯಕ್ಕೆ ಕೂಡಿಸು 05:30 ಎಂದು ಅಂಕಿಯಲ್ಲೇ ಬರೆಯಿರಿ. ಮುಂದೆ ನಡೆಯುವ ಕಾರ್ಯಕ್ರಮವಾದರೆ ವಲಯದ ಪೂರ್ಣ ಹೆಸರು ಇಡಿ. ನಮ್ಮದಕ್ಕೆ ಏಷ್ಯಾ/ಕೋಲ್ಕತಾ ಎಂದು ಹೆಸರು. ಏಕೆ ಹೆಸರು ಬೇಕು? ಅನೇಕ ದೇಶಗಳಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಗಡಿಯಾರ. ಸರ್ಕಾರಗಳು ಅದನ್ನು ಬದಲಿಸುವುದೂ ಉಂಟು. ನಮ್ಮ ದೇಶದಲ್ಲೇ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ವಲಯದ ಹೆಸರಿನ ಹಿಂದೆ ಈ ಚರಿತ್ರೆಯೆಲ್ಲ ಇರುತ್ತದೆ. ಬರೀ ಐದೂವರೆ ಎಂಬ ಅಂಕಿಯಲ್ಲಿ ಇರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಹುಟ್ಟಿದ ತಾರೀಕಿಗೆ ವಲಯ ಬೇಕಾಗಿಲ್ಲ. ಆಗಸ್ಟ್ 5ರಂದು ಹುಟ್ಟಿದವಳು ಎಲ್ಲಿಗೆ ಹೋದರೂ ಆಗಸ್ಟ್ 5ರಂದೇ ಹುಟ್ಟಿದವಳು. ಆದರೆ ಜಾವಾಸ್ಕ್ರಿಪ್ಟಿನ ಡೇಟ್ ಎಂಬ ವಸ್ತು ಬರೀ ತಾರೀಕನ್ನು ಇಟ್ಟುಕೊಳ್ಳಲಾರದು, ಜೊತೆಗೆ ಗಂಟೆಯನ್ನೂ ಅಂಟಿಸುತ್ತದೆ. 1990-08-05 ಎಂದು ಕೊಟ್ಟರೆ ಅದನ್ನು ಯುಟಿಸಿಯ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಇಲ್ಲಿ ತೆರೆದರೆ ಆಗಸ್ಟ್ 5ರ ಬೆಳಗಿನ ಐದೂವರೆ, ತೊಂದರೆ ಕಾಣುವುದಿಲ್ಲ. ಅದೇ ಪುಟವನ್ನು ನ್ಯೂಯಾರ್ಕಿನಲ್ಲಿರುವ ಅಣ್ಣ ತೆರೆದರೆ ಆಗಸ್ಟ್ 4 ಎಂದು ತೋರಿಸುತ್ತದೆ. ನಮ್ಮ ಊರಿನಲ್ಲಿ ಇದರ ಉಲ್ಟಾ ಆಗುತ್ತದೆ. ಇಲ್ಲಿಯ ಮಧ್ಯರಾತ್ರಿ ಎಂದು ಆಗಸ್ಟ್ 5ನ್ನು ಇಟ್ಟು, ಯುಟಿಸಿಯಲ್ಲಿ ಬರೆದು ಕಳಿಸಿದರೆ ಅದು ಹಿಂದಿನ ದಿನದ ಸಂಜೆ 18:30. ತಾರೀಕಿನ ಭಾಗವನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರೆ ಆಗಸ್ಟ್ 4. ಇಲ್ಲಿರುವ ಎಷ್ಟು ಜನರ ಪ್ರಾಜೆಕ್ಟಿನಲ್ಲಿ "ಒಂದು ದಿನ ಕಡಿಮೆ ಬರುತ್ತಿದೆ ಸರ್" ಎಂಬ ದೂರು ಇಲ್ಲ ಹೇಳಿ? ಆಗ ಒಂದು ದಿನ ಕೂಡಿಸಿ ಸರಿಪಡಿಸುತ್ತೀರಿ. ಹಾಗೆ ಮಾಡಬೇಡಿ. ತಾರೀಕನ್ನು ತಾರೀಕಾಗಿಯೇ ಇಡಿ, ಗಂಟೆ ಅಂಟಿಸಬೇಡಿ.

ಯಾವ ಕ್ಯಾಲೆಂಡರ್?

ಸೌದಿಯಲ್ಲಿ ದುಡಿದು ಬಂದವರ ಹಳೆಯ ಇಕಾಮಾ ನೋಡಿದರೆ ಅದರಲ್ಲಿ ಹಿಜರಿ ತಾರೀಕು ಇರುತ್ತದೆ. ಅಲ್ಲಿನ ಸರ್ಕಾರ ತನ್ನ ನೌಕರರ ಸಂಬಳವನ್ನು ಗ್ರೆಗೋರಿಯನ್ ಕ್ಯಾಲೆಂಡರಿನಂತೆ ಕೊಡತೊಡಗಿದ್ದು 2016ರಲ್ಲಿ. ಅಂಥ ದಾಖಲೆಯಿಂದ 1429-08-05 ಎಂದು ಟೈಪ್ ಮಾಡಿದರೆ ನಮ್ಮ ಪ್ರೋಗ್ರಾಂ ಏನೆನ್ನುತ್ತದೆ? ಏನೂ ಅನ್ನುವುದಿಲ್ಲ. ಆರು ಶತಮಾನದ ಹಿಂದಿನ ಒಂದು ಆಗಸ್ಟ್ ದಿನವೆಂದು ಒಪ್ಪಿಕೊಳ್ಳುತ್ತದೆ. ಐಎಸ್‌ಒ ಕ್ರಮವೂ ಇಲ್ಲಿ ನಮ್ಮನ್ನು ಕಾಪಾಡಲಾರದು. ಅದೇ 30-02 ಎಂದು ಬಂದರೆ, ಸಫರ್ ತಿಂಗಳ ಮೂವತ್ತನೇ ದಿನ ಇರಬಹುದಾದ ದಿನವೇ ಆದರೂ, ಪ್ರೋಗ್ರಾಂ ಫೆಬ್ರವರಿಗೆ ಮೂವತ್ತಿಲ್ಲ ಎಂದು ತಿರಸ್ಕರಿಸುತ್ತದೆ. ತಪ್ಪಿದ್ದನ್ನು ಒಪ್ಪಿತು, ಸರಿಯಿದ್ದದ್ದನ್ನು ತಳ್ಳಿತು.

ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ತಿಂಗಳಿಗೆ 29 ಅಥವಾ 30. ಅದನ್ನು ಪರಿವರ್ತಿಸಲು ಸಾಧನಗಳಿವೆ. ಜಾವಾ 8ರಲ್ಲಿ ಇರುವುದು ಸೌದಿಯ ಉಮ್ಮುಲ್ ಖುರಾ ಕ್ಯಾಲೆಂಡರ್. ಅದು ಮೊದಲೇ ಲೆಕ್ಕ ಹಾಕಿದ್ದು. ನಮ್ಮಲ್ಲಿ ಚಂದ್ರದರ್ಶನದ ಮೇಲೆ ತಿಂಗಳು ನಿಶ್ಚಯವಾಗುವುದರಿಂದ ಒಂದು ದಿನದ ವ್ಯತ್ಯಾಸ ಬರಬಹುದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಹಾಗಾಗಿ ಹಿಜರಿ ಎಂದಷ್ಟೇ ಅಲ್ಲ, ಯಾವ ಊರಿನ ದಾಖಲೆ, ಯಾವ ಲೆಕ್ಕದ ಹಿಜರಿ ಎಂಬುದನ್ನೂ ಜೊತೆಗೆ ಬರೆದಿಡಬೇಕು.

ಪ್ರೋಗ್ರಾಂಗೆ ಬರುವ ಮೊದಲೇ ಕೆಡುವುದು

ಕೆಲವೊಮ್ಮೆ ತಾರೀಕು ನಿಮ್ಮ ಪ್ರೋಗ್ರಾಂ ತಲುಪುವ ಮುಂಚೆಯೇ ಕೆಟ್ಟಿರುತ್ತದೆ. ಎಕ್ಸೆಲ್ ತಾರೀಕಿನಂತೆ ಕಂಡದ್ದನ್ನೆಲ್ಲ ತಾರೀಕು ಮಾಡುತ್ತದೆ. ನಮ್ಮ ಮನೆ ನಂಬರ್ 4-12 ಎಂದು ಬರೆದರೆ ಅದು ಡಿಸೆಂಬರ್ ಅಥವಾ ಏಪ್ರಿಲ್ ತಿಂಗಳ ಒಂದು ದಿನವಾಗುತ್ತದೆ. ದೊಡ್ಡ ವಿಜ್ಞಾನಿಗಳೂ ಇದರಿಂದ ಪಾರಾಗಲಿಲ್ಲ. ಮನುಷ್ಯನ ವಂಶವಾಹಿಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್1 ಎಂಬ ಚಿಕ್ಕ ಹೆಸರುಗಳಿದ್ದವು. ಎಕ್ಸೆಲ್ ಅವುಗಳನ್ನು ಮಾರ್ಚ್ 1, ಸೆಪ್ಟೆಂಬರ್ 1 ಮಾಡುತ್ತಿತ್ತು. ಕೊನೆಗೆ ವಂಶವಾಹಿಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಆ ಹೆಸರುಗಳನ್ನೇ ಬದಲಿಸಿತು. ಆದ್ದರಿಂದ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗೊತ್ತುಮಾಡಿ.

ಕನ್ನಡದಲ್ಲಿ ತುಂಬಿದ ಅರ್ಜಿಗಳಲ್ಲಿ ೦೫-೦೮-೧೯೯೦ ಎಂದು ಕನ್ನಡ ಅಂಕಿಗಳೂ ಬರುತ್ತವೆ. ಯೂನಿಕೋಡ್‌ನಲ್ಲಿ ಇವು ಬೇರೆ ಅಕ್ಷರಗಳು. ಕೆಲವು ಸಾಧನಗಳು ಓದುತ್ತವೆ, ಕೆಲವು ಓದುವುದಿಲ್ಲ. ಮೊದಲು ಹತ್ತು ಅಂಕಿಗಳನ್ನು ಬದಲಿಸಿಕೊಂಡು ಆಮೇಲೆ ತಾರೀಕು ಓದಿಸಿ. ಐದು ಸಾಲಿನ ಕೆಲಸ. ಕನ್ನಡದಲ್ಲಿ ಬರೆದ ತಪ್ಪಿಗೆ ಯಾರ ಅರ್ಜಿಯೂ ಬೀಳಬಾರದು.

ನೀವು ಮಾಡಬೇಕಾದದ್ದು

ಇಷ್ಟು ಹೇಳಿದ ಮೇಲೆ ಕೆಲವು ಸಲಹೆಗಳನ್ನು ಬರೆದುಕೊಳ್ಳಿ ಎಂದು ವಿನಂತಿಸುತ್ತೇನೆ.

ಒಂದು, ಅರ್ಜಿಯ ನಮೂನೆಯಲ್ಲೇ ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಚೌಕ ಇಡಿ. ತಿಂಗಳನ್ನು ಹೆಸರಿನಲ್ಲಿ ಬರೆಸಿ. ಆಗಸ್ಟ್ ಎಂದು ಬರೆದರೆ ಯಾವ ದೇಶದ ಪ್ರೋಗ್ರಾಂ ಕೂಡ ಮೇ ಎಂದು ಓದಲಾರದು.

ಎರಡು, ಪ್ರೋಗ್ರಾಂಗೆ ಒಂದೇ ನಮೂನೆ ಕೊಡಿ, ಕಟ್ಟುನಿಟ್ಟಾಗಿ ಓದಿಸಿ. ಊಹೆ ಮಾಡುವ ಸಾಧನ ಎಷ್ಟು ಸುಲಭವೆನಿಸಿದರೂ ಜನರ ದಾಖಲೆಗೆ ಬಳಸಬೇಡಿ.

ಮೂರು, ಮೂಲ ಬರಹವನ್ನು ಅಳಿಸಬೇಡಿ. ಓದಿ ಪಡೆದ ತಾರೀಕಿನ ಪಕ್ಕದಲ್ಲೇ ಅರ್ಜಿಯಲ್ಲಿದ್ದ ಅಕ್ಷರಗಳನ್ನೂ ಹಾಗೆಯೇ ಉಳಿಸಿ. ನಾಳೆ ಯಾರಾದರೂ ಪ್ರಶ್ನಿಸಿದರೆ ಹಿಂದಿರುಗಿ ನೋಡಲು ಅದೊಂದೇ ಸಾಕ್ಷಿ.

ನಾಲ್ಕು, ಓದಲಾಗದ ತಾರೀಕುಗಳನ್ನು ಬೇರೆ ಪಟ್ಟಿಯಲ್ಲಿ ಹಾಕಿ ಮನುಷ್ಯರಿಗೆ ಕೊಡಿ. ಖಾಲಿ ಇದ್ದರೆ ಖಾಲಿ ಎಂದೇ ಇಡಿ. ಇಂದಿನ ತಾರೀಕನ್ನೋ 1970 ಜನವರಿ 1ನ್ನೋ ತುಂಬಬೇಡಿ.

ಐದು, ಪರೀಕ್ಷಿಸದೆ ಬಿಡಬೇಡಿ. ಆಗಸ್ಟ್ 5ನ್ನು ಕೊಟ್ಟು ನೋಡಿ, ಏಪ್ರಿಲ್ 31 ಕೊಟ್ಟು ನೋಡಿ. 2000ದ ಫೆಬ್ರವರಿ 29 ಇದೆ, 1900ರ ಫೆಬ್ರವರಿ 29 ಇಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಎಕ್ಸೆಲ್ ಕೂಡ 1900ರ ಫೆಬ್ರವರಿ 29 ಇದೆ ಎಂದೇ ನಂಬಿದೆ, ಅದಕ್ಕೂ ಹಿಂದಿನ ಲೋಟಸ್ ಎಂಬ ಪ್ರೋಗ್ರಾಂಗೆ ಹೊಂದಿಕೊಳ್ಳಲೆಂದು ಉಳಿಸಿಕೊಂಡ ತಪ್ಪು ಅದು.

ಆರು, ಫಲಿತಾಂಶ ಪ್ರಿಂಟ್ ಮಾಡುವಾಗ ತೀರ್ಮಾನದ ಜೊತೆಗೆ ಕಾರಣವನ್ನೂ ಹಾಕಿ. ನನ್ನ ಪಟ್ಟಿಯಲ್ಲಿ "ಅನರ್ಹ" ಎಂದು ಮಾತ್ರ ಇತ್ತು. ಎದುರಿಗೆ "8 ಮೇ 1990" ಎಂದು ಒಂದು ಕಾಲಂ ಇದ್ದಿದ್ದರೆ ಅದನ್ನು ಟೈಪ್ ಮಾಡಿದ ಹುಡುಗರೇ ಹಿಡಿಯುತ್ತಿದ್ದರು.

ಆ ಹುಡುಗಿಗೆ ಏನಾಯಿತು ಎಂದು ನೀವು ಕೇಳಬಹುದು. ವಿಷಯ ತಿಳಿದ ದಿನವೇ ಮಾಸ್ಟ್ರು ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ಎಲ್ಲ ಅರ್ಜಿಗಳನ್ನೂ ಮತ್ತೊಮ್ಮೆ ನೋಡಬೇಕು, ಈ ವಾರ ಬಾ" ಎಂದರು ಅಷ್ಟೇ. ಎರಡು ರಾತ್ರಿ ಕುಳಿತು ಕೈಯಲ್ಲೇ ಲೆಕ್ಕ ಹಾಕಿದೆವು. ತಪ್ಪಾಗಿ ಹಣ ಪಡೆದ ಮಕ್ಕಳಿಂದ ಸಮಿತಿ ಹಿಂದಕ್ಕೆ ಕೇಳಲಿಲ್ಲ, ಅದು ಅವರ ತಪ್ಪಲ್ಲ ಎಂದಿತು. ಬಿಟ್ಟುಹೋದವರಿಗೆ ಸದಸ್ಯರು ಕೈಯಿಂದ ಹಾಕಿ ಕೊಟ್ಟರು. ನಾನೂ ಕೊಟ್ಟೆ. ಆದರೆ ಅಷ್ಟರಲ್ಲಿ ಆ ಹುಡುಗಿ ಸೇರಬೇಕೆಂದಿದ್ದ ಕೋರ್ಸಿನ ಪ್ರವೇಶ ಮುಗಿದಿತ್ತು. ಅವಳು ಮರುವರ್ಷ ಸೇರಿದಳು. ನನ್ನ ಪ್ರೋಗ್ರಾಂ ತಪ್ಪಿದ್ದು 89 ದಿನ. ಅವಳು ಕಳೆದುಕೊಂಡದ್ದು ಒಂದು ವರ್ಷ.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನೀವು ಬರೆಯುವ ಪ್ರೋಗ್ರಾಂ ಪಿಂಚಣಿ ಕೊಡುತ್ತದೆ, ಲಸಿಕೆಯ ದಿನ ಹೇಳುತ್ತದೆ, ವೀಸಾದ ಅವಧಿ ನೋಡುತ್ತದೆ. ಅದರ ಒಂದೊಂದು ಸಾಲಿನ ಹಿಂದೆಯೂ ಅರ್ಜಿ ತುಂಬಿ ಕಾಯುತ್ತಿರುವ ಒಬ್ಬ ಮನುಷ್ಯ ಇರುತ್ತಾನೆ. ಎಲ್ಲ ತಾಯಂದಿರಿಗೂ ಅಂಕಪಟ್ಟಿ ಹಿಡಿದು ಬಂದು ಕೇಳುವ ಧೈರ್ಯ ಇರುವುದಿಲ್ಲ. ಅವರು ಬಂದು ಕೇಳುವ ಮೊದಲು ನೀವೇ ಕೇಳಿಕೊಳ್ಳಿ: ಈ ಅಂಕಿ ಯಾವ ಕ್ರಮದ್ದು, ಯಾವ ಊರಿನ ಗಂಟೆಯದ್ದು, ಯಾವ ಕ್ಯಾಲೆಂಡರಿನದ್ದು? ಉತ್ತರ ಗೊತ್ತಿಲ್ಲದಿದ್ದರೆ ಪ್ರೋಗ್ರಾಂ ನಿಲ್ಲಲಿ, ನೀವು ಹೋಗಿ ವಿಚಾರಿಸಿ ಬನ್ನಿ. ಅದರಿಂದ ಅರ್ಧ ದಿನ ತಡವಾಗಬಹುದು, ಅಡ್ಡಿಯಿಲ್ಲ.